ಗೇಟಿನಾಚೆ ಹೋದ ನೆರಳು

ಮೂರನೇ ತರಗತಿಯ ಮಿಸ್‌ಗೆ ಬೇರೆಲ್ಲ ವಿಷಯದಲ್ಲೂ ತಾಳ್ಮೆಯಿತ್ತು. ಮೂಗು ಸೋರುವುದನ್ನು ಸಹಿಸುತ್ತಿದ್ದರು, ಶೂ ಲೇಸನ್ನು ದಿನಕ್ಕೆ ಹತ್ತು ಸಲ ಕಟ್ಟಿಕೊಡುತ್ತಿದ್ದರು, ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನೂ ಓದಿ ಅರ್ಥ ಮಾಡಿಕೊಳ್ಳುತ್ತಿದ್ದರು. ನೋಡದೆ ಹೇಳುವ ಉತ್ತರವನ್ನು ಮಾತ್ರ ಅವರಿಂದ ಸಹಿಸಲಾಗುತ್ತಿರಲಿಲ್ಲ.

ಅವತ್ತು ಇಡೀ ತರಗತಿ ಒಂದೇ ರಾಗದಲ್ಲಿ, "ನೆರಳು ಬೆಳಿಗ್ಗೆ ಉದ್ದ, ಮಧ್ಯಾಹ್ನ ಗಿಡ್ಡ, ಸಂಜೆ ಮತ್ತೆ ಉದ್ದ" ಎಂದು ಒಪ್ಪಿಸಿ ಮುಗಿಸಿತು. ಮಿಸ್ ಪುಸ್ತಕ ಮುಚ್ಚಿದರು.

"ಸರಿ. ಈಗ ನಿಮ್ಮ ನೆರಳು ಎಷ್ಟುದ್ದ ಇದೆ? ಯಾವ ಕಡೆಗೆ ಬೀಳ್ತಿದೆ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳಂತೂ ಬಿದ್ದುಹೋದ ಪೆನ್ಸಿಲ್ ಹುಡುಕುವವಳ ಹಾಗೆ ಬೆಂಚಿನ ಕೆಳಗೆ ಬಗ್ಗಿ ನೋಡಿದಳು.

"ಏಳಿ, ಎಲ್ಲರೂ ಆಚೆ ನಡೀರಿ."

ಚಳಿಗಾಲದ ಬೆಳಗು. ಶಾಲೆಯ ಅಂಗಳಕ್ಕೆ ಸಿಮೆಂಟು ಬಳಿದಿತ್ತು. ಮೂರು ಕಡೆ ತರಗತಿಗಳು, ದಕ್ಷಿಣಕ್ಕೆ ಗೇಟು, ಗೇಟಿನಾಚೆ ರಸ್ತೆ. ರಸ್ತೆಯ ಆ ಬದಿಗೆ ತಗಡಿನ ಬೇಲಿ ಹಾಕಿ ಯಾವುದೋ ದೊಡ್ಡ ಕಟ್ಟಡದ ಕೆಲಸ ಶುರುವಾಗಿತ್ತು. ಮಿಸ್ ಎಲ್ಲರ ಕೈಗೂ ಒಂದೊಂದು ಸೀಮೆಸುಣ್ಣ ಕೊಟ್ಟು, ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ನಿಂತರೆ ಇನ್ನೊಬ್ಬರು ಅವರ ನೆರಳಿನ ಸುತ್ತ ಗೆರೆ ಎಳೆಯುವಂತೆ ಹೇಳಿದರು. ಪಾದದ ಗುರುತನ್ನೂ ಹಾಕಿಸಿದರು. ಅಂಗಳದ ತುಂಬ ಉದ್ದುದ್ದ ಕಾಲಿನ, ಸಣ್ಣ ತಲೆಯ ಬಿಳಿ ಮನುಷ್ಯರು ಮಲಗಿಬಿಟ್ಟರು.

ಒಂದು ಪಾಠ ಮುಗಿಸಿ ಮತ್ತೆ ಕರೆದುಕೊಂಡು ಬಂದು, "ಅದೇ ಪಾದದ ಗುರುತಿನ ಮೇಲೆ ನಿಲ್ಲಿ" ಎಂದರು. ಮಕ್ಕಳು ನಿಂತರು. ನೆರಳು ಗೆರೆಯೊಳಗೆ ಕೂರಲಿಲ್ಲ. ಎಲ್ಲರದ್ದೂ ಪಕ್ಕಕ್ಕೆ ಸರಿದಿತ್ತು, ಮೋಟಾಗಿತ್ತು.

"ಯಾರೋ ನಮ್ಮ ಗೆರೆ ಅಳಿಸಿ ಬೇರೆ ಬರೆದಿದಾರೆ ಮಿಸ್" ಎಂದ ಒಬ್ಬ ಹುಡುಗ. ಅವನನ್ನು ಎಲ್ಲರೂ ಲಾಯರ್ ಎಂದೇ ಕರೆಯುತ್ತಿದ್ದರು. ಮಳೆ ಬರುತ್ತಿದೆ ಎಂದರೂ ಸಾಕ್ಷಿ ಕೇಳುವ ಆಸಾಮಿ. "ನಾಲ್ಕನೇ ಕ್ಲಾಸಿನವರದ್ದೇ ಕೆಲಸ. ಅವರಿಗೆ ನಮ್ಮನ್ನ ಕಂಡ್ರೆ ಆಗಲ್ಲ."

"ಹಾಗಾದ್ರೆ ಈಗ ಮತ್ತೆ ಗೆರೆ ಎಳಿ. ಇಲ್ಲೇ ಕಾವಲು ಕೂತ್ಕೋ. ನಾಲ್ಕನೇ ಕ್ಲಾಸಿನವರು ಬಂದ್ರೆ ಹಿಡ್ಕೋ" ಎಂದರು ಮಿಸ್.

ಲಾಯರ್ ನಿಜಕ್ಕೂ ಕೂತ. ಯಾರೂ ಬರಲಿಲ್ಲ, ನೆರಳು ಮಾತ್ರ ಅವನ ಕಣ್ಣೆದುರೇ ಗೆರೆ ದಾಟಿತು. ಓಡಿಬಂದು, "ತಾನಾಗೇ ಹೋಗ್ತಿದೆ ಮಿಸ್!" ಎಂದು ಕೂಗಿದ. ಆ ಕೂಗಿಗಾಗಿಯೇ ತಾವು ಇಷ್ಟು ವರ್ಷ ಮೇಷ್ಟರಗಿರಿ ಮಾಡುತ್ತಿರುವುದು ಎಂದು ಮಿಸ್‌ಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಊಟದ ಗಂಟೆಯ ಹೊತ್ತಿಗೆ ಇನ್ನೊಂದು ಸಂಗತಿ ನಡೆಯಿತು. ರಸ್ತೆಯಾಚೆ ನಿಂತಿದ್ದ ಎತ್ತರದ ಕ್ರೇನಿನ ನೆರಳು ಗೇಟು ದಾಟಿ ಅಂಗಳದ ನಡುವಿನವರೆಗೂ ಬಂದು ಬಿದ್ದಿತ್ತು. ಮಕ್ಕಳ ನೆರಳಿನ ಹಾಗೆ ಕಪ್ಪಗೆ ಇರದೆ, ಒದ್ದೆ ಬೆರಳಿನಿಂದ ತೀಡಿದ ಪೆನ್ಸಿಲ್ ಗೆರೆಯ ಹಾಗೆ ಮಸುಕಾಗಿತ್ತು. ದೂರದಿಂದ ಬಂದ ನೆರಳು ಬರುವಷ್ಟರಲ್ಲಿ ಅಂಚು ಕಳೆದುಕೊಂಡಿರುತ್ತದೆ ಎಂದು ಮಿಸ್ ವಿವರಿಸುತ್ತಿರುವಾಗಲೇ ಅದರ ತುದಿಯ ಉದ್ದ ತೋಳು ಸರ್ರನೆ ಒಂದು ಸುತ್ತು ತಿರುಗಿತು.

"ಇದು ಸೂರ್ಯನ ಮಾತು ಕೇಳ್ತಿಲ್ಲ ಮಿಸ್" ಎಂದ ಲಾಯರ್.

"ಅದು ನಮ್ಮಪ್ಪ" ಎಂದಿತು ಒಂದು ಸಣ್ಣ ದನಿ.

ಎಲ್ಲರೂ ತಿರುಗಿ ನೋಡಿದರು. ಮಾತಾಡಿದ್ದು ಚಿಟಿಕೆ. ಅಡುಗೆಗೆ ಹಾಕುವ ಚಿಟಿಕೆ ಉಪ್ಪಿನಷ್ಟೇ ಇದ್ದಾಳೆ ಎಂದು ಅವಳಜ್ಜಿ ಇಟ್ಟ ಹೆಸರು ಶಾಲೆಗೂ ಹಿಂಬಾಲಿಸಿ ಬಂದಿತ್ತು. ಶಾಲೆಗೆ ಸೇರಿ ತಿಂಗಳುಗಳಾದರೂ ಕೇಳದೆ ಬಾಯಿ ಬಿಟ್ಟವಳಲ್ಲ. ಈಗ ನೆರಳಿನ ಮೇಲ್ತುದಿಯಲ್ಲಿದ್ದ ಡಬ್ಬದಂಥ ಗಂಟನ್ನು ಬೆರಳಿಟ್ಟು ತೋರಿಸುತ್ತಿದ್ದಳು.

"ಅಲ್ಲಿ ಕೂತಿರ್ತಾರೆ. ಅವರು ತಿರುಗಿಸಿದ್ರೆ ಅದು ತಿರುಗುತ್ತೆ."

ಮಕ್ಕಳು ಹೋ ಎಂದು ಕೂಗಿ ನೆರಳಿಗೇ ಕೈಬೀಸಿದರು. ಅಷ್ಟೆತ್ತರದಲ್ಲಿದ್ದ ನಿಜವಾದ ಕ್ರೇನಿಗೆ ಕೈಬೀಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಅಂದು ಸಂಜೆ ಚಿಟಿಕೆಯನ್ನು ಕರೆದೊಯ್ಯಲು ಬಂದ ಅಜ್ಜಿಯಿಂದ ಮಿಸ್‌ಗೆ ಉಳಿದ ವಿಷಯ ತಿಳಿಯಿತು. ತಾಯಿ ಇಲ್ಲದ ಮಗು. ಇವಳಪ್ಪ ಕತ್ತಲಿರುವಾಗಲೇ ಎದ್ದು ಹೋಗುತ್ತಾನೆ, ಬರುವಷ್ಟರಲ್ಲಿ ಇವಳಿಗೆ ನಿದ್ದೆ. ಕೆಲಸ ಹಿಂದೆ ಬಿದ್ದಿದೆ ಎಂದು ರಜೆಯ ದಿನವೂ ಕರೆಸುತ್ತಾರೆ.

"ಮಲಗಿದ ಮಗೂನ ನೋಡ್ಕೊಂಡು ಹೋಗ್ತಾನೆ ಟೀಚರಮ್ಮ. ಇವಳು ಬೆಳಿಗ್ಗೆ ಎದ್ದು ಅವನು ಉಂಡ ತಟ್ಟೆ ನೋಡ್ತಾಳೆ. ಅಪ್ಪ ಮಗಳ ಮಾತುಕತೆ ಅಷ್ಟೇ" ಎಂದು ಅಜ್ಜಿ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಮಿಸ್‌ಗೆ ಅಂಥ ಮನೆ ಹೊಸದೇನಲ್ಲ. ಅವರ ಗಂಡ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ಇವರು ಬಾಗಿಲು ತೆರೆದು ಹೊರಡುವಾಗ ಅವರು ಒಳಗೆ ಬರುತ್ತಿದ್ದರು. ಆದರೆ ಅವರಿಬ್ಬರೂ ದೊಡ್ಡವರು. ಹೊಸ್ತಿಲಲ್ಲಿ ಎರಡು ಮಾತಾಡಿ, ಒಂದು ಲೋಟ ಚಹಾ ಹಂಚಿಕೊಂಡು ಸಮಾಧಾನ ಮಾಡಿಕೊಳ್ಳುವುದು ರೂಢಿಯಾಗಿತ್ತು. ಎಂಟು ವರ್ಷದ ಮಗುವಿಗೆ ಸಮಾಧಾನ ಹೇಗೆ ಬರಬೇಕು?

ಬಂದಿತ್ತು, ಒಂದು ರೀತಿಯಲ್ಲಿ. ಮಾರನೆಯ ದಿನದಿಂದ ಚಿಟಿಕೆ ಊಟದ ಡಬ್ಬಿ ಹಿಡಿದು ಹೋಗಿ ಕ್ರೇನಿನ ಕ್ಯಾಬಿನ್ನಿನ ನೆರಳು ಬಿದ್ದ ಕಡೆ ಕೂರತೊಡಗಿದಳು. ನೆರಳು ಸರಿದರೆ ಡಬ್ಬಿಯನ್ನೂ ಸರಿಸಿಕೊಂಡು, ಚಕ್ಕಳಮಕ್ಕಳ ಹಾಕಿದ ಹಾಗೆಯೇ ಕುಂಡೆ ಎಳೆಯುತ್ತ ತಾನೂ ಸರಿಯುತ್ತಿದ್ದಳು. ತೋಳು ಜೋರಾಗಿ ತಿರುಗಿದ ದಿನ ಅನ್ನದ ಡಬ್ಬಿ ಎತ್ತಿಕೊಂಡು ಓಡಬೇಕಾಗುತ್ತಿತ್ತು. ಉಳಿದವರಿಗೆ ಅದು ಮೋಜಿನ ಆಟ. "ನಿಮ್ಮಪ್ಪ ಇವತ್ತು ನಿನ್ನ ಊಟ ಮಾಡೋಕೆ ಬಿಡಲ್ಲ ಕಣೇ" ಎಂದು ಕೂಗುತ್ತಿದ್ದರು. ಚಿಟಿಕೆ ನಗುತ್ತಿದ್ದಳು. ಅವಳಿಗೂ ಹಲ್ಲುಗಳಿವೆ ಎಂದು ಮಿಸ್‌ಗೆ ಗೊತ್ತಾದದ್ದೇ ಆಗ.

ಪಾಠವೂ ಸಾಗಿತ್ತು. ಧ್ವಜದ ಕಂಬದ ನೆರಳಿನ ತುದಿಗೆ ವಾರಕ್ಕೊಮ್ಮೆ, ಊಟದ ಗಂಟೆ ಹೊಡೆದ ಕೂಡಲೇ, ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣದ ಒಂದು ಬೊಟ್ಟು ಇಡುತ್ತಿದ್ದರು. ಚಳಿ ಕಡಿಮೆಯಾದಂತೆ ಬೊಟ್ಟುಗಳು ಕಂಬದ ಬುಡದತ್ತ ಬರತೊಡಗಿದವು. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲೇ ಹಾದು ಹೋಗುತ್ತಾನೆ, ಅದಕ್ಕೆ ನೆರಳು ಉದ್ದ. ಬೇಸಿಗೆ ಬಂದಂತೆ ನೆತ್ತಿಯ ಕಡೆ ಏರುತ್ತಾನೆ, ಅದಕ್ಕೆ ಗಿಡ್ಡ. ಮಕ್ಕಳು ಈ ಸಲ ಇದನ್ನು ನೋಡಿಯೇ ಹೇಳಿದರು. ಮಿಸ್‌ಗೆ ತುಂಬ ಸಂತೋಷವಾಯಿತು. ಆ ಸಂತೋಷದಲ್ಲಿ ಒಂದನ್ನು ಅವರು ಗಮನಿಸಲಿಲ್ಲ. ಚಿಟಿಕೆ ಊಟಕ್ಕೆ ಕೂರುವ ಜಾಗ ಅಂಗಳದ ನಡುವಿನಿಂದ ದಿನದಿಂದ ದಿನಕ್ಕೆ ಗೇಟಿನತ್ತ ಸರಿಯುತ್ತಿತ್ತು. ಕೊನೆಗೆ ಅವಳು ಗೇಟಿನ ಸರಳಿಗೆ ಬೆನ್ನು ತಾಗಿಸಿ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ರಸ್ತೆಯಲ್ಲಿ ಬ್ರೇಕಿನ ಕಿರುಚು ಕೇಳಿತು. ಅದರ ಹಿಂದೆಯೇ ಡ್ರೈವರನೊಬ್ಬನ ಬೈಗುಳ. ಮಿಸ್ ಕೈಯಲ್ಲಿದ್ದ ತುತ್ತು ಹಾಗೇ ಬಿಟ್ಟು ಓಡಿದರು. ಗೇಟಿನ ಚಿಕ್ಕ ಬಾಗಿಲು ತೆರೆದಿತ್ತು. ರಸ್ತೆಯ ನಟ್ಟನಡುವೆ ಚಿಟಿಕೆ ಊಟದ ಡಬ್ಬಿ ಎದೆಗವಚಿಕೊಂಡು ನಿಂತಿದ್ದಳು. ಅವಳ ಮುಂದೆ ಸಾಮಾನು ಸಾಗಿಸುವ ಒಂದು ಗಾಡಿ ಓರೆಯಾಗಿ ನಿಂತಿತ್ತು. ಅವಳ ಕಾಲ ಬುಡದಲ್ಲಿ ಕ್ಯಾಬಿನ್ನಿನ ಮಸುಕು ನೆರಳು.

ಮಿಸ್ ಅವಳ ರಟ್ಟೆ ಹಿಡಿದು ಒಳಗೆ ಎಳೆದು ತಂದರು. "ಬುದ್ಧಿ ಇದೆಯಾ ನಿಂಗೆ? ಏನಾದ್ರೂ ಆಗಿದ್ರೆ? ಯಾರು ಹೇಳಿದ್ರು ಆಚೆ ಹೋಗು ಅಂತ?" ಎಂದು ಕಿರುಚಿದರು. ಅವರು ಹಾಗೆ ಕಿರುಚಿದ್ದನ್ನು ಯಾವ ಮಗುವೂ ಕೇಳಿರಲಿಲ್ಲ.

ಚಿಟಿಕೆ ಅಳಲಿಲ್ಲ. ನೆಲ ನೋಡುತ್ತ, "ಅಪ್ಪ ದಿನಾ ಹಿಂದಕ್ಕೆ ಹಿಂದಕ್ಕೆ ಹೋಗ್ತಿದಾರೆ ಮಿಸ್. ಇವತ್ತು ಗೇಟಿಂದಾಚೆ ಹೋಗ್ಬಿಟ್ರು" ಎಂದಳು. "ನಾನೇನೂ ಮಾಡ್ಲಿಲ್ಲ. ಆದ್ರೂ ಹೋಗ್ತಿದಾರೆ."

ಮಿಸ್ ಅವಳ ರಟ್ಟೆ ಬಿಟ್ಟರು. ಇಷ್ಟು ವಾರ ಬೊಟ್ಟಿಟ್ಟು ಇಟ್ಟು ಕಲಿಸಿದ ಪಾಠ ಈ ಮಗುವಿನ ತಲೆಯೊಳಗೆ ಹೋಗಿ ಏನಾಗಿ ಕೂತಿದೆ ಎಂದು ತಾವು ಕೇಳಿಯೇ ಇರಲಿಲ್ಲವಲ್ಲ. ಕಂಬದ ನೆರಳು ಯಾಕೆ ಗಿಡ್ಡವಾಗುತ್ತದೆ ಎಂದು ಕೇಳಿದ್ದರೆ ಚಿಟಿಕೆ ಸರಿಯಾಗಿಯೇ ಹೇಳುತ್ತಿದ್ದಳು. ಆದರೆ ಕಂಬ ಯಾರಪ್ಪನೂ ಅಲ್ಲ.

ಮಧ್ಯಾಹ್ನದ ಲೆಕ್ಕದ ಪಾಠ ಕೈಬಿಟ್ಟು ಅವರು ತರಗತಿಯ ಕಿಟಕಿಗಳನ್ನು ಮುಚ್ಚಿಸಿದರು. ಮೇಜಿನ ಮೇಲೆ ಒಂದು ನೀರಿನ ಬಾಟಲಿ ಇಟ್ಟು, ಅದರ ಮುಚ್ಚಳದ ಮೇಲೆ ಒಂದು ರಬ್ಬರು ಕೂರಿಸಿದರು. "ಇದು ಕ್ರೇನು, ಮೇಲಿರೋದು ಅಪ್ಪ. ಸರೀನಾ?" ಎಂದು ಟಾರ್ಚನ್ನು ಚಿಟಿಕೆಯ ಕೈಗೇ ಕೊಟ್ಟರು. "ತಗ್ಗಿಸಿ ಹಿಡಿ. ಇದು ಚಳಿಗಾಲದ ಸೂರ್ಯ."

ನೆರಳು ಮೇಜಿನ ತುದಿಯವರೆಗೂ ಹೋಯಿತು.

"ಈಗ ಮೆಲ್ಲಗೆ ಮೇಲೆತ್ತು. ಬಾಟಲಿ ಮುಟ್ಟಬೇಡ."

ಚಿಟಿಕೆ ಎತ್ತಿದಳು. ರಬ್ಬರಿನ ನೆರಳು ಹಿಂದೆ ಹಿಂದೆ ಬಂತು. ಕೈಗೆ ಎಟುಕದೆ ಬೆಂಚು ಹತ್ತಿ ಇನ್ನೂ ಎತ್ತಿದಳು. ನೆರಳು ಬಾಟಲಿಯ ಬುಡಕ್ಕೆ ಬಂದು ಸೇರಿತು. ಅವಳು ಟಾರ್ಚ್ ತಗ್ಗಿಸಿದಳು, ಎತ್ತಿದಳು, ಮತ್ತೆ ತಗ್ಗಿಸಿದಳು.

"ಅಪ್ಪ ಅಲ್ಲೇ ಇದಾರೆ" ಎಂದಳು ಕೊನೆಗೆ.

"ಅಲ್ಲೇ ಇದಾರೆ. ಒಂದಿಂಚೂ ಕದಲಿಲ್ಲ."

"ಮತ್ತೆ ಚಳಿಗಾಲ ಬಂದ್ರೆ ನೆರಳು ವಾಪಸ್ ಬರುತ್ತೆ ಅಲ್ವಾ ಮಿಸ್?"

ಹೂಂ ಎನ್ನಲು ಹೊರಟ ಮಿಸ್ ತಡೆದುಕೊಂಡರು. ಮುಂದಿನ ಚಳಿಗಾಲದ ಹೊತ್ತಿಗೆ ಕಟ್ಟಡ ಮುಗಿದಿರುತ್ತದೆ, ಕ್ರೇನು ಬಿಚ್ಚಿ ಸಾಗಿಸಿರುತ್ತಾರೆ. ಅಷ್ಟರಲ್ಲಿ ಲಾಯರ್ ಎದ್ದು ನಿಂತಿದ್ದ.

"ಮಿಸ್, ಅಷ್ಟೊತ್ತಿಗೆ ಅಲ್ಲಿ ಕ್ರೇನ್ ಇರಲ್ಲ. ಬಿಲ್ಡಿಂಗ್ ಇರುತ್ತೆ." ಅವನು ಬಾಗಿಲಿಗೆ ಆನಿಸಿಟ್ಟಿದ್ದ ಇಟ್ಟಿಗೆಯನ್ನು ಎತ್ತಿ ತಂದು ಬಾಟಲಿಯ ಜಾಗದಲ್ಲಿ ನಿಲ್ಲಿಸಿದ. "ಈಗ ಟಾರ್ಚ್ ತಗ್ಗಿಸು ಚಿಟಿಕೆ."

ಅವಳು ತಗ್ಗಿಸಿದಳು. ಇಟ್ಟಿಗೆಯ ನೆರಳು ಅಗಲವಾಗಿ ಮೇಜನ್ನೆಲ್ಲ ನುಂಗಿ, ಆಚೆ ಕೂತಿದ್ದವರ ಅಂಗಿಯ ಮೇಲೂ ಬಿತ್ತು.

"ಅಯ್ಯೋ, ಇದು ನಮ್ಮ ಅಂಗಳ!" ಎಂದು ಯಾರೋ ಕೂಗಿದರು. "ಚಳಿಗಾಲದಲ್ಲಿ ನಮಗೆ ಬಿಸಿಲೇ ಇರಲ್ಲ!"

ಗಲಾಟೆ ಎದ್ದಿತು. ಚಳಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂರುವುದು ಆ ಮಕ್ಕಳಿಗೆ ಅರ್ಧ ಶಾಲೆಯಿದ್ದಂತೆ. "ಚಿಟಿಕೆ ಅಪ್ಪ ನಮ್ಮ ಬಿಸಿಲು ಕದೀತಿದಾರೆ" ಎಂದ ಒಬ್ಬ ಹಿಂದಿನ ಬೆಂಚಿನಿಂದ. ಎರಡು ಮೂರು ಬಾಯಿ ಅದನ್ನೇ ಹಿಡಿದು ಹಾಡಿದವು. ಮಿಸ್ ಮೇಜು ಬಡಿದು ಬಾಯಿ ಮುಚ್ಚಿಸುವ ಹೊತ್ತಿಗೆ ಚಿಟಿಕೆ ಟಾರ್ಚನ್ನು ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಹೋಗಿ ತಲೆ ಹುದುಗಿಸಿದ್ದಳು.

ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಅಜ್ಜಿ ಬಂದು, "ಹೊಟ್ಟೆನೋವು ಅಂತಾಳೆ ಟೀಚರಮ್ಮ. ಶಾಲೆ ಹೊತ್ತು ಮೀರಿದ ಕೂಡಲೇ ವಾಸಿಯಾಗುತ್ತೆ. ಇದೆಂಥ ಹೊಟ್ಟೇನೋ, ಗಡಿಯಾರ ನೋಡ್ಕೊಂಡು ನೋಯೋದು" ಎಂದರು.

ಮಿಸ್ ಅಂದೇ ಮಕ್ಕಳ ಊಟ ಮುಗಿಯುತ್ತಿದ್ದಂತೆ ರಸ್ತೆ ದಾಟಿ ತಗಡಿನ ಬೇಲಿಯ ಬಾಗಿಲು ತಟ್ಟಿದರು. ಒಳಗೆ ಕಬ್ಬಿಣದ ಸರಳು, ಹಲಗೆ, ಸಿಮೆಂಟಿನ ಧೂಳು. ಯಾರೋ ಅವರ ತಲೆಗೆ ದೊಡ್ಡದೊಂದು ಹೆಲ್ಮೆಟ್ ಹೇರಿದರು. ಅದು ಹುಬ್ಬಿನವರೆಗೂ ಇಳಿಯಿತು. ಕ್ರೇನಿನ ಬುಡದಲ್ಲಿ ಹಲಗೆಯ ಮೇಲೆ ಕೂತು ಊಟ ಮಾಡುತ್ತಿದ್ದ ಆಪರೇಟರು ಅವರನ್ನು ಕಂಡು ತಡಬಡಿಸಿ ಎದ್ದರು. ಎತ್ತರದ ಮನುಷ್ಯ, ಕಣ್ಣ ಕೆಳಗೆ ಕಪ್ಪು.

"ಮಗೂಗೆ ಏನಾದ್ರೂ ಆಯ್ತಾ ಮಿಸ್?"

"ಏನೂ ಆಗಿಲ್ಲ. ಕೂತ್ಕೊಳ್ಳಿ, ಊಟ ಮಾಡಿ. ಮಾತಾಡೋಕೆ ಬಂದೆ."

ಮಿಸ್ ಎಲ್ಲವನ್ನೂ ಹೇಳಿದರು. ಅಂಗಳಕ್ಕೆ ಬಂದ ನೆರಳು, ಅದರೊಳಗೆ ಕೂತು ಉಂಡ ಮಗಳು, ಗೇಟು, ರಸ್ತೆ, ಗಾಡಿ. ರಸ್ತೆಯ ಮಾತು ಬಂದಾಗ ಆಪರೇಟರು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿ ಮುಚ್ಚಳ ಮುಚ್ಚಿದರು.

"ನನ್ನ ನೆರಳು ಅಲ್ಲೀವರೆಗೆ ಹೋಗ್ತಿತ್ತಾ?" ಎಂದರು. "ನಂಗೆ ಗೊತ್ತೇ ಇರ್ಲಿಲ್ಲ ಮಿಸ್. ಕೆಲಸದಲ್ಲಿ ನನ್ನ ಕಣ್ಣು ಸಾಮಾನು ಎತ್ತೋ ಕೊಕ್ಕೆ ಮೇಲೆ. ಬಿಡುವಾದಾಗ ನಿಮ್ಮ ಶಾಲೆ ಕಡೆ ನೋಡ್ತೀನಿ. ಮೇಲಿಂದ ಎಲ್ಲ ಮಕ್ಕಳೂ ಸಾಸಿವೆ ಕಾಳು. ನನ್ನದು ಯಾವ ಕಾಳು ಅಂತ ಹುಡುಕ್ತೀನಿ, ಸಿಗಲ್ಲ."

"ಊಟದ ಹೊತ್ತಲ್ಲಿ ಎಲ್ಲರಿಂದ ಬೇರೆ ಒಂದು ಕಾಳು ಇರ್ತಿತ್ತಲ್ಲ. ಅದೇ."

ಅವರು ಮುಖ ಆ ಕಡೆ ತಿರುಗಿಸಿಕೊಂಡರು. ಮಿಸ್ ಹೆಲ್ಮೆಟ್ ಸರಿಮಾಡಿಕೊಳ್ಳುವ ನೆಪದಲ್ಲಿ ಬೇರೆಲ್ಲೋ ನೋಡಿದರು.

ಬಿಸಿಲಿನ ವಿಷಯವನ್ನೂ ಹೇಳಲೇಬೇಕಿತ್ತು. ಆಪರೇಟರು ತಲೆಯಾಡಿಸಿದರು. "ಮಕ್ಕಳು ಹೇಳಿದ್ದು ಸುಳ್ಳಲ್ಲ. ಎಲ್ಲಿ ಕಟ್ಟಬೇಕು, ಎಷ್ಟೆತ್ತರ ಕಟ್ಟಬೇಕು ಅಂತ ಹೇಳೋರು ಬೇರೆ, ನಾನು ಎತ್ತಿಕೊಡೋನು. ಆದ್ರೂ ಎತ್ತಿದ್ದು ನಾನೇ ತಾನೇ?"

"ಇದನ್ನೇ ಬಂದು ಅವರಿಗೆ ಹೇಳ್ತೀರಾ?"

"ರಜೆ ಕೊಡಲ್ಲ ಮಿಸ್." ಅವರು ಆಕಾಶ ನೋಡಿದರು. "ಜೋರು ಗಾಳಿ ಬಂದ್ರೆ ಮಾತ್ರ ಕೆಲಸ ನಿಲ್ಲುತ್ತೆ. ಅವತ್ತು ಬರ್ತೀನಿ."

ಆ ವಾರವೆಲ್ಲ ಮಿಸ್ ಗಾಳಿಗಾಗಿ ಕಾದರು. ಒಣಹಾಕಿದ ಬಟ್ಟೆ ಸ್ವಲ್ಪ ಹಾರಾಡಿದರೂ ಕಿಟಕಿಗೆ ಹೋಗಿ ನೋಡುತ್ತಿದ್ದರು. ವಿಷಯ ತಿಳಿದ ಅವರ ಗಂಡ, "ಮಳೆಗೆ ಕಾಯೋರನ್ನ ನೋಡಿದೀನಿ, ಬಿರುಗಾಳಿಗೆ ಕಾಯೋಳು ನೀನೊಬ್ಬಳೇ" ಎಂದು ಹೊಸ್ತಿಲಲ್ಲಿ ನಿಂತು ನಕ್ಕರು. ಯಾರೂ ಛೇಡಿಸುವುದಿಲ್ಲ ಎಂದು ಮಿಸ್ ಅಜ್ಜಿಯ ಕೈಲಿ ಹೇಳಿಕಳಿಸಿದ್ದರಿಂದ ಚಿಟಿಕೆ ಶಾಲೆಗೆ ಬರತೊಡಗಿದ್ದಳು, ಆದರೆ ಊಟಕ್ಕೆ ತರಗತಿಯ ಒಳಗೇ ಕೂರುತ್ತಿದ್ದಳು.

ಗಾಳಿ ಬಂತು. ಬೆಳಿಗ್ಗೆಯಿಂದಲೇ ತಗಡಿನ ಬೇಲಿ ದಡದಡ ಬಡಿದುಕೊಳ್ಳುತ್ತಿತ್ತು. ಕಿಟಕಿಯಾಚೆ ನೋಡುತ್ತಿದ್ದ ಲಾಯರ್, "ಮಿಸ್, ಕ್ರೇನ್ ಸುಮ್ಸುಮ್ನೆ ತಿರುಗ್ತಿದೆ! ಒಳಗೆ ಯಾರೂ ಇಲ್ಲ!" ಎಂದ. ಅಷ್ಟರಲ್ಲಿ ಬಾಗಿಲಲ್ಲಿ ಚಿಟಿಕೆಯ ಅಪ್ಪ ಬಂದು ನಿಂತಿದ್ದರು, ಕೂದಲೆಲ್ಲ ಕೆದರಿಕೊಂಡು.

ಚಿಟಿಕೆ ಎದ್ದಳು, ಮತ್ತೆ ಕೂತಳು. ಹಗಲು ಹೊತ್ತಿನಲ್ಲಿ ಅಪ್ಪನನ್ನು ಕಂಡರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿದ್ದಂತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಹೋಗಿ ಅವಳ ಪಕ್ಕದ ಬೆಂಚಿನಲ್ಲೇ ಮಂಡಿ ಮಡಚಿ ಹೇಗೋ ತುರುಕಿಕೊಂಡು ಕೂತರು. ಮಕ್ಕಳು ಕಿಸಕ್ಕೆಂದರು.

"ಗಾಳಿ ಬಂದಾಗ ಅದರ ಬ್ರೇಕ್ ಬಿಟ್ಟು ಇಳೀತೀವಿ. ಬಿಗಿ ಹಿಡಿದು ನಿಲ್ಲಿಸಿದ್ರೆ ಮುರಿದು ಬೀಳುತ್ತೆ. ಗಾಳಿ ಹೋದ ಕಡೆ ಹೋಗ್ಲಿ ಅಂತ ಬಿಟ್ಟುಬಿಡೋದು" ಎಂದು ಅವರು ಲಾಯರ್‌ಗೆ ಉತ್ತರ ಕೊಟ್ಟರು.

ಲಾಯರ್ ಬಿಡಲಿಲ್ಲ. "ಅಂಕಲ್, ನೀವು ನಮ್ಮ ಬಿಸಿಲು ಯಾಕೆ ತೆಗೀತಿದೀರಿ?"

ಚಿಟಿಕೆ ಅಪ್ಪನ ಅಂಗಿಯ ಚುಂಗು ಹಿಡಿದಳು.

"ಕಟ್ಟಡ ಕಟ್ಟಿದ್ರೆ ನೆರಳು ಬೀಳುತ್ತಪ್ಪ. ಅದನ್ನ ಬೀಳಬೇಡ ಅನ್ನೋಕೆ ನನ್ನ ಕೈಲಿ ಆಗಲ್ಲ. ಅಲ್ಲಿ ಮನೆಗಳು ಬರ್ತವೆ, ಅಲ್ಲಿಗೆ ಬರೋ ಮಕ್ಕಳು ನಿಮ್ಮ ಶಾಲೆಗೇ ಬರಬಹುದು. ಆದ್ರೆ ನಿಮ್ಮ ಬಿಸಿಲು ಹೋಗೋದು ನಿಜ. ನಾನು ಎಷ್ಟೋ ಕಟ್ಟಡಕ್ಕೆ ಸಾಮಾನು ಎತ್ತಿದೀನಿ. ನಾನಿರೋದು ತುದೀಲಿ, ನಂಗೆ ಯಾವಾಗ್ಲೂ ಬಿಸಿಲೇ. ಕೆಳಗೆ ಯಾರ ಮೇಲೆ ನೆರಳು ಬೀಳುತ್ತೆ ಅಂತ ಯಾವತ್ತೂ ಕೇಳ್ಕೊಂಡಿರ್ಲಿಲ್ಲ. ನೀವೇ ಮೊದಲು ಕೇಳಿದ್ದು."

ಲಾಯರ್ ವಾದಕ್ಕೆ ಸಿದ್ಧನಾಗಿ ಬಂದಿದ್ದ. ಎದುರು ಕಡೆಯವರು ಹೀಗೆ ಒಪ್ಪಿಕೊಂಡುಬಿಟ್ಟರೆ ಮುಂದೇನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ತಲೆ ಕೆರೆದುಕೊಂಡು, "ಪೂರ್ತಿ ಹೋಗುತ್ತಾ, ಸ್ವಲ್ಪ ಉಳಿಯುತ್ತಾ?" ಎಂದ.

ಅದೊಂದು ಪ್ರಶ್ನೆ ಮಿಸ್ ಅನ್ನು ಕುರ್ಚಿಯಿಂದ ಎಬ್ಬಿಸಿತು. "ಯಾರಿಗೊತ್ತು? ನೋಡೋಣ!"

ಮೇಜಿನ ಮೇಲೆ ಅಂಗಳವನ್ನು ಸೀಮೆಸುಣ್ಣದಲ್ಲಿ ಬರೆದರು. ಧ್ವಜದ ಕಂಬಕ್ಕೆ ಒಂದು ಬೆಂಕಿಕಡ್ಡಿ. ಕಟ್ಟಡ ಎಷ್ಟು ಅಗಲ, ಕಂಬಕ್ಕಿಂತ ಎಷ್ಟು ಎತ್ತರ ಬರುತ್ತದೆ ಎಂದು ಚಿಟಿಕೆಯ ಅಪ್ಪ ಹೇಳಿದರು, ಇಟ್ಟಿಗೆ ಸಾಲದೆ ರಟ್ಟಿನ ಡಬ್ಬಗಳನ್ನು ಜೋಡಿಸಿದರು. ಚಳಿಗಾಲದ ಸೂರ್ಯನನ್ನು ಎಲ್ಲಿ ಹಿಡಿಯಬೇಕೆನ್ನುವುದಕ್ಕೆ ಅಂಗಳದಲ್ಲಿದ್ದ ಹಸಿರು ಬೊಟ್ಟುಗಳೇ ಆಧಾರ. ಕಂಬದ ನೆರಳು ಆಗ ಎಷ್ಟುದ್ದ ಇತ್ತೋ ಬೆಂಕಿಕಡ್ಡಿಯದೂ ಅದೇ ಅಳತೆಗೆ ಬರುವವರೆಗೆ ಚಿಟಿಕೆ ಟಾರ್ಚನ್ನು ಮೇಲೆ ಕೆಳಗೆ ಮಾಡಿದಳು. ಆಮೇಲೆ ಅದನ್ನು ಪೂರ್ವದಿಂದ ಪಶ್ಚಿಮಕ್ಕೆ, ಬೆಳಗಿನಿಂದ ಸಂಜೆಗೆ, ಮೆಲ್ಲಗೆ ಒಯ್ದಳು. ಕೈ ನೋಯುತ್ತಿದ್ದರೂ ಯಾರಿಗೂ ಕೊಡಲಿಲ್ಲ. ಅಪ್ಪ ಅವಳ ಮೊಣಕೈಗೆ ತಮ್ಮ ಅಂಗೈ ಆಸರೆ ಕೊಟ್ಟು ಜೊತೆಗೇ ನಡೆದರು.

ನಡುಹಗಲಿನಲ್ಲಿ ಇಡೀ ಅಂಗಳ ಕತ್ತಲು. ಆದರೆ ಬೆಳಗಿನ ಹೊತ್ತು ಡಬ್ಬಗಳ ನೆರಳು ಒಂದು ಬದಿಗೆ ವಾಲಿಕೊಂಡಾಗ, ನಲ್ಲಿಗಳ ಪಕ್ಕದ ಪೂರ್ವದ ಮೂಲೆಯಲ್ಲಿ ಅಂಗೈಯಗಲ ಬೆಳಕು ಉಳಿಯಿತು.

"ಇಲ್ಲಿದೆ!" ಎಂದಳು ಚಿಟಿಕೆ. ಅವಳ ದನಿ ಹಿಂದಿನ ಬೆಂಚಿನವರೆಗೂ ಕೇಳಿತು.

ಆ ಮೂಲೆಯಲ್ಲಿ ಮುರಿದ ಬೆಂಚುಗಳನ್ನು ರಾಶಿ ಹಾಕಿದ್ದರು. ಪುಟ್ಟ ಮಕ್ಕಳು ಆಡುವ ಮರಳಿನ ಗುಂಡಿಯಿದ್ದದ್ದು ಅಂಗಳದ ಇನ್ನೊಂದು ಕೊನೆಯಲ್ಲಿ, ಇನ್ನು ಮುಂದೆ ಚಳಿಗಾಲವಿಡೀ ಬಿಸಿಲು ಕಾಣದ ಜಾಗದಲ್ಲಿ. ಮಿಸ್ ಏನೂ ಹೇಳಿಕೊಡಬೇಕಾಗಲಿಲ್ಲ. ಮಾರನೆಯ ದಿನ ಲಾಯರ್ ಮುಂದಾಳಾಗಿ, ಡಬ್ಬಗಳನ್ನೂ ಟಾರ್ಚನ್ನೂ ಹೊತ್ತುಕೊಂಡು ತರಗತಿ ಹೆಡ್‌ಮಿಸ್ ಕೋಣೆಗೆ ಹೋಯಿತು. ಮರಳಿನ ಗುಂಡಿ ಈ ಮೂಲೆಗೆ ಬರಬೇಕು, ಚಿಕ್ಕವರು ಪಾಪ, ಅವರಿಗೆ ಬೇಗ ನೆಗಡಿಯಾಗುತ್ತೆ ಎಂದು ಅವನು ವಾದಿಸಿದ. "ಇರೋ ಕೆಲಸಕ್ಕೇ ಹೊತ್ತು ಸಾಲ್ತಿಲ್ಲ, ಮರಳು ಹೊರೋದೊಂದು ಬಾಕಿ" ಎಂದು ಹೆಡ್‌ಮಿಸ್ ಗೊಣಗಿದರು. ಆದರೂ ಟಾರ್ಚ್ ತಾವೇ ಇಸಿದುಕೊಂಡು ನಾಲ್ಕಾರು ಸಲ ಬೆಳಗು ಸಂಜೆ ಮಾಡಿ ನೋಡಿದರು. ಬೇಸಿಗೆ ರಜೆಗೆ ಮುಂಚೆ ಬೆಂಚಿನ ರಾಶಿ ಹೋಯಿತು. ಮರಳನ್ನು ಮೂರನೇ ತರಗತಿಯೇ ಬಕೆಟ್ಟಿನಲ್ಲಿ ಹೊತ್ತು ಸಾಗಿಸಿತು. ಹೊತ್ತದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು.

ಆ ಗಾಳಿಯ ದಿನದ ನಂತರ ಚಿಟಿಕೆಯ ಅಪ್ಪ ಬೆಳಿಗ್ಗೆ ಹೊರಡುವ ಮುಂಚೆ ಮಗಳನ್ನು ಎಬ್ಬಿಸತೊಡಗಿದ್ದರು. ಅರೆನಿದ್ದೆಯಲ್ಲಿ ಅವಳು ಬಾಗಿಲವರೆಗೂ ಬಂದು ಕೈಬೀಸಿ ಮತ್ತೆ ಮಲಗುತ್ತಾಳೆ ಎಂದು ಅಜ್ಜಿ ಹೇಳಿದರು. "ನಿದ್ದೆ ಕೆಡಿಸಬೇಡ ಅಂತ ನಾನೇ ಇಷ್ಟು ದಿನ ಅವನನ್ನ ಗದರಿಸ್ತಿದ್ದೆ ಟೀಚರಮ್ಮ. ಕೆಡಲಿ ಬಿಡಿ."

ಕ್ರೇನು ಬಿಚ್ಚಿದ ದಿನ ಮಿಸ್ ಚಿಟಿಕೆಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು. ತೋಳು ತುಂಡುತುಂಡಾಗಿ ಇಳಿಯಿತು. ಅವಳು ಅಳಬಹುದು ಎಂದುಕೊಂಡಿದ್ದರು. "ಅಪ್ಪಂಗೆ ಮುಂದಿನ ಕೆಲಸ ದೂರದ ಊರಲ್ಲಂತೆ ಮಿಸ್. ಆದ್ರೆ ಅಲ್ಲಿ ವಾರಕ್ಕೊಂದು ರಜೆ ಬರೆಸ್ಕೊಂಡಿದಾರೆ" ಎಂದು ಅವಳೇ ಮಿಸ್‌ಗೆ ಸಮಾಧಾನ ಹೇಳುವಂತೆ ಹೇಳಿದಳು.

ಚಳಿಗಾಲ ಮತ್ತೆ ಬಂತು. ಹೇಳಿದ ಹಾಗೆಯೇ ಕಟ್ಟಡದ ನೆರಳು ಬಂದು ಅಂಗಳದಲ್ಲಿ ಕೂತಿತು. ಮಕ್ಕಳು ಕೈ ಉಜ್ಜಿಕೊಳ್ಳುತ್ತ ಓಡಾಡಿದರು. ಪೂರ್ವದ ಮೂಲೆಯಲ್ಲಿ ಬೆಳಗಿನ ಬಿಸಿಲು ಉಳಿದಿತ್ತು. ಮೇಜಿನ ಮೇಲೆ ಕಂಡದ್ದಕ್ಕಿಂತ ಸ್ವಲ್ಪ ಕಡಿಮೆಯೇ. ಕಟ್ಟಡದ ಮೇಲೆ ಕೂರಿಸುವ ನೀರಿನ ಟ್ಯಾಂಕುಗಳನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೂ ಪುಟ್ಟವರು ಮರಳಿನಲ್ಲಿ ಬೆಚ್ಚಗೆ ಆಡುತ್ತಿದ್ದರು.

ಒಂದು ಬೆಳಿಗ್ಗೆ ಚಿಟಿಕೆಯನ್ನು ಬಿಡಲು ಅಜ್ಜಿಯ ಬದಲು ಅಪ್ಪ ಬಂದರು. ಅವರ ರಜೆಯ ದಿನ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದರಂತೆ. ಗೇಟು ದಾಟಿ ಅಂಗಳಕ್ಕೆ ಕಾಲಿಟ್ಟವರು ನಿಂತುಬಿಟ್ಟರು. ತಲೆಯೆತ್ತಿ ಕಟ್ಟಡವನ್ನು ನೋಡಿದರು, ಕೆಳಗೆ ನೆಲ ನೋಡಿದರು. ಅಂಗಿಯ ತೋಳುಗಳನ್ನು ಎಳೆದು ಮಣಿಕಟ್ಟಿನವರೆಗೂ ಇಳಿಸಿಕೊಂಡರು.

"ಚಳಿ ಇದೆ ಮಿಸ್" ಎಂದರು.

"ಇದೆ" ಎಂದರು ಮಿಸ್.

"ಬಾ ಅಪ್ಪ, ಇಲ್ಲಲ್ಲ, ಅಲ್ಲಿ" ಎಂದು ಚಿಟಿಕೆ ಅವರ ಬೆರಳು ಹಿಡಿದು ನಲ್ಲಿಯ ಮೂಲೆಗೆ ಎಳೆದುಕೊಂಡು ಹೋದಳು. ಮರಳಿನ ಕಟ್ಟೆಯ ಮೇಲೆ, ಬಿಸಿಲು ಬೀಳುವ ಕಡೆ ಕೂರಿಸಿದಳು. ಪ್ರಾರ್ಥನೆಯ ಗಂಟೆ ಹೊಡೆಯಿತು. "ಹೋಗ್ಬೇಡ, ಬರ್ತೀನಿ" ಎಂದು ಹೇಳಿ ಓಡಿದಳು.

ಮೊದಲ ಪಾಠ ಮುಗಿಸಿ ಮಿಸ್ ಹೊರಗೆ ಬಂದಾಗ ಆ ಮನುಷ್ಯ ಗೋಡೆಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು, ಮುಖದ ತುಂಬ ಬಿಸಿಲು ಬೀಳಿಸಿಕೊಂಡು ನಿದ್ದೆಹೋಗಿದ್ದರು. ಮರಳಾಟಕ್ಕೆ ಬಂದ ಪುಟ್ಟವರು ಇವರ ಉದ್ದ ಕಾಲುಗಳನ್ನು ಸುತ್ತಿ ಆಡುತ್ತಿದ್ದರು. ಒಬ್ಬಳು ಅವರ ಚಪ್ಪಲಿಗೆ ಮರಳು ತುಂಬುವುದರಲ್ಲಿ ತಲ್ಲೀನಳಾಗಿದ್ದಳು. ನೀರು ಕುಡಿಯಲು ಬಂದ ಲಾಯರ್ ನಲ್ಲಿಯನ್ನು ಸದ್ದಾಗದಂತೆ ತಿರುಗಿಸಿ, "ಶ್ ಶ್" ಎಂದು ಎಲ್ಲರನ್ನೂ ಗದರಿಸುತ್ತಿದ್ದ.

ಬಿಡುವಿನ ಗಂಟೆ ಹೊಡೆಯಲು ಆಯಾ ಹೊರಟಿದ್ದಳು. ಮಿಸ್ ದೂರದಿಂದಲೇ ಕೈಯೆತ್ತಿ ಅವಳನ್ನು ತಡೆದರು. ಆಮೇಲೆ ತಾವೇ ತರಗತಿಯಿಂದ ತರಗತಿಗೆ ಹೋಗಿ, ಮೆಲ್ಲಗೆ ಬನ್ನಿ ಎಂದು ಹೇಳಿ ಮಕ್ಕಳನ್ನು ಆಟಕ್ಕೆ ಬಿಟ್ಟರು.